ಎಐ ಕೋಡ್ ಬೇಡ ಅನ್ನುವುದಿಲ್ಲ, ಓದಿ ಹೇಳು ಅನ್ನುತ್ತೇನೆ

ಕಳೆದ ವರ್ಷ ದೀಪಾವಳಿ ಹೊತ್ತಿಗೆ ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ ಕಳಿಸಬಹುದಾದ ನಮ್ಮ ಓಪನ್ ಸೋರ್ಸ್ ಪ್ರಾಜೆಕ್ಟಿನಲ್ಲಿ ಒಂದು ನಿಯಮ ತಂದೆ. ಪ್ಯಾಚ್ (ಕೋಡಿಗೆ ತಿದ್ದುಪಡಿ) ಕಳಿಸಿದವರು ನನ್ನ ಜೊತೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಬೇಕು. ನಾನು ಬೆರಳಿಟ್ಟ ಸಾಲು ಏನು ಮಾಡುತ್ತದೆ, ಅದನ್ನು ತೆಗೆದರೆ ಏನು ಕೆಡುತ್ತದೆ ಅಂತ ತಮ್ಮ ಮಾತಲ್ಲಿ ಹೇಳಬೇಕು. ಎಐ ಬರೆದುಕೊಟ್ಟಿದ್ದರೆ ಅದನ್ನು ತಿದ್ದುಪಡಿ ದಾಖಲಾಗುವ ಕಮಿಟ್‌ನಲ್ಲೇ ಬರೆಯಬೇಕು. ಇಷ್ಟೇ.

ಹುಬ್ಬಳ್ಳಿ ವಿದ್ಯಾನಗರದ ನನ್ನ ಗೆಳೆಯ ಕೇಳಿ ನಕ್ಕುಬಿಟ್ಟ. "ನಿನ್ ಪ್ರಾಜೆಕ್ಟಿಗೆ ಬರೋರ ನಾಕ್ ಮಂದಿ. ಅವರಿಗೂ ಇಂಟರ್‌ವ್ಯೂ ತಗೊಂಡ್ರ ನೊಣ ಸುದ್ದಾ ಬರಾಂಗಿಲ್ಲ ನೋಡಲೇ" ಅಂದ. ಬೆಂಗಳೂರಿನ ಇನ್ನೊಬ್ಬರು, ನನಗಿಂತ ದೊಡ್ಡ ಪ್ರಾಜೆಕ್ಟ್ ನಡೆಸುವವರು, "ಇದು ಓಪನ್ ಸೋರ್ಸ್ ಮಾರಾಯ್ರೆ, ಕಾಲೇಜಿನ ವೈವಾ ಅಲ್ಲ" ಅಂತ ಬುದ್ಧಿ ಹೇಳಿದರು. ಈಗ ಎಂಟು ತಿಂಗಳಾಯಿತು. ಪ್ರಾಜೆಕ್ಟ್ ಸತ್ತಿಲ್ಲ. ನಕ್ಕವರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಪ್ರಾಜೆಕ್ಟ್ ಅಂದರೆ ದೊಡ್ಡದೇನಲ್ಲ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಕಾಲದ ಹಳೆಯ ಫೈಲುಗಳನ್ನು ಯೂನಿಕೋಡಿಗೆ, ಅಂದರೆ ಈಗ ಎಲ್ಲ ಕಂಪ್ಯೂಟರು, ಫೋನುಗಳು ಓದುವ ಅಕ್ಷರ ಪದ್ಧತಿಗೆ ತಿರುಗಿಸುವ ಪೈಥಾನ್ ಲೈಬ್ರರಿ (ಬೇರೆ ಪ್ರೋಗ್ರಾಮುಗಳೂ ಬಳಸಿಕೊಳ್ಳುವ ಸಿದ್ಧ ಕೋಡು). ಇಂಥವು ಬೇರೆಯೂ ಇವೆ. ನಮ್ಮದರಲ್ಲಿ ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಿಂದ ತೆಗೆದ ಹೊಲಸು ಪಠ್ಯವೂ ಸ್ವಲ್ಪ ಚೆನ್ನಾಗಿ ಬರುತ್ತದೆ, ಅದೇ ಅದರ ಹೆಸರು. ಗದಗ-ಬೆಟಗೇರಿಯ ಪ್ರಿಂಟಿಂಗ್ ಪ್ರೆಸ್ಸುಗಳು, ಹುಬ್ಬಳ್ಳಿಯ ಡಿಟಿಪಿ ಅಂಗಡಿಗಳು, ಹಾವೇರಿ ಕಡೆಯ ಒಂದಿಬ್ಬರು ಮೇಷ್ಟ್ರು ಇದನ್ನು ಬಳಸುತ್ತಾರೆ. ಒಂಬತ್ತು ವರ್ಷದಿಂದ ಗೋಕುಲ ರಸ್ತೆಯ ಆಫೀಸು ಮುಗಿಸಿ ಮನೆಗೆ ಬಂದು, ರಾತ್ರಿ ಹೊತ್ತು ನಾನೇ ನೋಡಿಕೊಳ್ಳುತ್ತಿದ್ದೇನೆ.

ತಪ್ಪು ಶುರುವಾಗಿದ್ದು ನನ್ನಿಂದಲೇ. ಒಂದು ಬೋನಸ್ ಬಂದಿತ್ತು. ಅದರಲ್ಲಿ ಇಪ್ಪತ್ತು ಸಾವಿರ ಎತ್ತಿಟ್ಟು, ಒಂದು ಬಗ್ ಸರಿಮಾಡಿದರೆ 500 ರೂಪಾಯಿ ಅಂತ ಹಾಕಿದೆ. ಹುಡುಗರು ಬರಲಿ, ಕನ್ನಡದ ಕೆಲಸ ಕಲಿಯಲಿ ಅಂತ ಆಸೆ. ಬಂದರು. ಎರಡು ತಿಂಗಳಲ್ಲಿ ನಲವತ್ತರ ಮೇಲೆ ಪುಲ್ ರಿಕ್ವೆಸ್ಟ್, ಅಂದರೆ ಈ ಪ್ಯಾಚ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ. ಅದಕ್ಕೂ ಮುಂಚೆ ವರ್ಷಕ್ಕೆ ಹತ್ತು ಬಂದರೆ ಜಾಸ್ತಿ. ಎಲ್ಲದರಲ್ಲೂ ನೀಟಾದ ಇಂಗ್ಲಿಷ್ ವಿವರಣೆ, ಮೂರು ಹೆಡ್ಡಿಂಗ್, ಹಸಿರು ಟಿಕ್ ಮಾರ್ಕುಗಳು. ಬರೆದವನಿಗೆ ಕನ್ನಡ ಓದಲು ಬರುತ್ತದೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಒಂದರಲ್ಲಿ ಇಲ್ಲದೇ ಇರುವ ಲೈಬ್ರರಿಯನ್ನು ಇಂಪೋರ್ಟ್ ಮಾಡಿದ್ದರು. ಹೆಸರು ಮಾತ್ರ ಎಷ್ಟು ನಂಬುವ ಹಾಗಿತ್ತೆಂದರೆ ನಾನೇ ಇನ್‌ಸ್ಟಾಲ್ ಮಾಡಲು ಹೋದೆ. ಅದೇ ಹೆಸರಲ್ಲಿ ಯಾರಾದರೂ ಕಿಡಿಗೇಡಿ ಪ್ಯಾಕೇಜ್ ಹಾಕಿಟ್ಟಿದ್ದರೆ ನನ್ನ ಲ್ಯಾಪ್‌ಟಾಪ್ ಅವನದಾಗುತ್ತಿತ್ತು.

ಒಟ್ಟು ಒಂಬತ್ತು ಸಾವಿರ ಕೊಟ್ಟೆ ಅಂತ ನೆನಪು. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬಂದಿದ್ದು ಎರಡೂವರೆ ಸಾವಿರದ್ದು. ಉಳಿದದ್ದು ಗಂಗಾರ್ಪಣ.

ಇದು ಎಐ ತಂದ ರೋಗ ಅಂತ ಪೂರ್ತಿ ಹೇಳಲೂ ಆಗುವುದಿಲ್ಲ. 2020ರ ಹ್ಯಾಕ್ಟೋಬರ್‌ಫೆಸ್ಟ್ ನೆನಪಿದೆಯಲ್ಲ? ಅಕ್ಟೋಬರಿನಲ್ಲಿ ಓಪನ್ ಸೋರ್ಸಿಗೆ ಪ್ಯಾಚ್ ಕಳಿಸಿದರೆ ಟೀ ಶರ್ಟ್ ಕೊಡುವ ಹಬ್ಬ ಅದು. ಆ ಟೀ ಶರ್ಟಿನ ಆಸೆಗೆ ನಮ್ಮ ಹುಡುಗರೂ ಸೇರಿ ಕಂಡಕಂಡ ರೆಪೊದ (ಕೋಡ್ ಇಡುವ ಜಾಗದ) ಪರಿಚಯ ಫೈಲು ರೀಡ್‌ಮಿಯಲ್ಲಿ ಒಂದೊಂದು ಪದ ತುರುಕಿದ್ದರು. ಕೊನೆಗೆ ಒಪ್ಪಿಗೆ ಕೊಟ್ಟ ಪ್ರಾಜೆಕ್ಟುಗಳು ಮಾತ್ರ ಲೆಕ್ಕಕ್ಕೆ ಅಂತ ನಡೆಸುವವರು ನಿಯಮ ಬದಲಿಸಬೇಕಾಯಿತು. ಆಗ ಎಐ ಎಲ್ಲಿತ್ತು? ಆದರೆ ಆಗಿನ ಕಸ ನೋಡಿದ ತಕ್ಷಣ ಕಸ ಅಂತ ಗೊತ್ತಾಗುತ್ತಿತ್ತು. ಈಗಿನದು ಗೊತ್ತಾಗಲು ಒಂದು ಗಂಟೆ ಬೇಕು. ಕಳಿಸುವವನಿಗೆ ಎರಡು ನಿಮಿಷ, ಓದುವವನಿಗೆ ಒಂದು ಗಂಟೆ. ನನಗೆ ಸಿಟ್ಟು ಬರುವುದು ಅಲ್ಲಿ. ಇಂಟರ್ನೆಟ್ಟಿನಿಂದ ಡೇಟಾ ತರಿಸುವ, ಜಗತ್ತೆಲ್ಲ ಬಳಸುವ ಕರ್ಲ್ ಅನ್ನುವ ಪ್ರಾಜೆಕ್ಟ್ ಕೂಡ ಇಂಥ ಸುಳ್ಳು ಬಗ್ ರಿಪೋರ್ಟುಗಳ ಕಾಟಕ್ಕೆ 2026ರ ಜನವರಿ ಕೊನೆಗೆ ಬಗ್ ಬೌಂಟಿಯನ್ನೇ (ಬಗ್ ಹಿಡಿದವರಿಗೆ ಕೊಡುವ ಬಹುಮಾನವನ್ನೇ) ಮುಚ್ಚಿತು. ನಾನು ಅದಕ್ಕಿಂತ ಮುಂಚೆಯೇ ಮುಚ್ಚಿದ್ದೆ ಅಂತ ಸ್ವಲ್ಪ ಜಂಬ ಇದೆ, ಇರಲಿ.

ಮುಚ್ಚಿದ್ದು ಬುದ್ಧಿಯಿಂದಲ್ಲ, ಪೆಟ್ಟು ತಿಂದು.

ಅರ್ಕಾವತ್ತು ಅಂದರೆ ‘ಸೂರ್ಯ’, ‘ವರ್ಷ’ದಂಥ ಪದಗಳಲ್ಲಿ ಅಕ್ಷರದ ಪಕ್ಕ ಬರುವ ರಕಾರದ ಗುರುತು. ನುಡಿಯ ಹಳೆಯ ಎನ್‌ಕೋಡಿಂಗಿನಲ್ಲಿ ಅದು ಅಕ್ಷರ ಆದ ಮೇಲೆ ಕೂತಿರುತ್ತದೆ. ಯೂನಿಕೋಡಿನಲ್ಲಿ ರಕಾರ ಆ ಅಕ್ಷರಕ್ಕಿಂತ ಮೊದಲು ಬರಬೇಕು. ಒಂದು ಪ್ಯಾಚ್ ಬಂತು. ನಮ್ಮ ಮೂವತ್ತು ಸಾಲಿನ ಕೊಳಕು ಫಂಕ್ಷನ್ನನ್ನು ಆರು ಸಾಲಿಗೆ ಇಳಿಸಿತ್ತು. ವರ್ಷ, ಸೂರ್ಯ, ಮೂರ್ತಿ ಎಲ್ಲ ಸರಿಯಾಗಿ ಬಂದವು. ಟೆಸ್ಟುಗಳೆಲ್ಲ ಪಾಸ್. ನೋಡಲು ಚಂದ ಬೇರೆ. ಮರ್ಜ್ ಮಾಡಿದೆ, ಅಂದರೆ ನಮ್ಮ ಕೋಡಿಗೆ ಸೇರಿಸಿಕೊಂಡೆ. ಆದರೆ ರಕಾರ ಒಂದೇ ಅಕ್ಷರ ಹಿಂದೆ ಹೋಗುತ್ತಿತ್ತು. ಒತ್ತು ಇದ್ದರೆ ಇಡೀ ಗುಂಪನ್ನೇ ದಾಟಿ ಹಿಂದೆ ಹೋಗಬೇಕು ಅಂತ ಆ ಕೋಡಿಗೆ ಗೊತ್ತಿರಲಿಲ್ಲ. ನನ್ನ ಟೆಸ್ಟಿನಲ್ಲಿ ಅಂಥ ಪದವೂ ಇರಲಿಲ್ಲ. ಅದು ನನ್ನದೇ ಸೋಮಾರಿತನ.

ಗದಗಿನ ಒಂದು ಪ್ರೆಸ್ಸಿನವರು ಒಂದು ಶಾಲೆಯ ಸ್ಮರಣ ಸಂಚಿಕೆ ಅದರಲ್ಲಿ ತಿರುಗಿಸಿದರು. ಮುಖ್ಯ ಲೇಖನದ ತಲೆಬರಹದಲ್ಲೇ ‘ಸಾಮರ್ಥ್ಯ’ ಹೋಗಿ ‘ಸಾಮಥ್ರ್ಯ’ ಆಗಿ ಕೂತಿತ್ತು. ಒಳಗೆ ಇನ್ನೆಷ್ಟು ಕಡೆಯೋ. ಪ್ರೂಫ್ ನೋಡಿದವರ ಕಣ್ಣಿಗೂ ಬೀಳಲಿಲ್ಲ. ಐನೂರು ಪ್ರತಿ. ಹೆಡ್‌ಮಾಸ್ತರರು ಮುಖಪುಟ ತೆರೆದ ಕೂಡಲೇ ಹಿಡಿದರಂತೆ. ಎರಡು ಫಾರಮ್ಮು (ಒಟ್ಟಿಗೆ ಅಚ್ಚಾಗುವ ಪುಟಗಳ ಹಾಳೆ) ಮತ್ತೆ ಅಚ್ಚಾಗಬೇಕಾಯಿತು. ಪ್ರೆಸ್ಸಿನ ಮಾಲಕರು ಬೈಯಲಿಲ್ಲ. "ಪುಕ್ಕಟೆ ಸಾಫ್ಟ್‌ವೇರ್ ಅಲ್ರೀ, ಏನ್ ಕೇಳೋದು ನಿಮ್ಮನ್ನ" ಅಂದರು. ಆ ಮಾತು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು. ಆರೂವರೆ ಸಾವಿರ ನಾನೇ ಕೊಟ್ಟೆ. ಮನೆಯಲ್ಲಿ ಇವತ್ತಿಗೂ ಅದರ ಲೆಕ್ಕ ಕೇಳುತ್ತಾರೆ.

ಪ್ಯಾಚ್ ಕಳಿಸಿದ ಹುಡುಗನನ್ನು ಕೇಳಿದೆ. ಅವನಿಗೆ ಆ ಆರು ಸಾಲು ಏನು ಮಾಡುತ್ತವೆ ಅಂತಲೇ ಗೊತ್ತಿರಲಿಲ್ಲ. ಲೈಸೆನ್ಸಿನಲ್ಲಿ ‘ಯಾವ ಗ್ಯಾರಂಟಿಯೂ ಇಲ್ಲ’ ಅಂತ ನಾವೆಲ್ಲ ಬರೆದಿರುತ್ತೇವೆ. ಕಾನೂನಿಗೆ ಅಷ್ಟು ಸಾಕು. ಬೆಟಗೇರಿಯಲ್ಲಿ ಎದುರಿಗೆ ನಿಂತವರ ಮುಖ ನೋಡಲು ಅಷ್ಟು ಸಾಲದು.

ಮೊದಲು ಪೂರ್ತಿ ನಿಷೇಧ ಹಾಕಿದೆ. ದೊಡ್ಡ ಓಪನ್ ಸೋರ್ಸ್ ಪ್ರಾಜೆಕ್ಟುಗಳ ಉದಾಹರಣೆ ಇತ್ತಲ್ಲ. 2024ರ ಏಪ್ರಿಲ್‌ನಲ್ಲಿ ಲಿನಕ್ಸಿನ ಒಂದು ಬಗೆಯಾದ ಜೆಂಟೂ ಎಐ ಕೋಡನ್ನು ನಿಷೇಧಿಸಿತು. ಮರುತಿಂಗಳು ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ನೆಟ್‌ಬಿಎಸ್‌ಡಿ, ಇಂಥ ಕೋಡನ್ನು ಕಳಂಕಿತ ಅಂತಲೇ ತಿಳಿಯುತ್ತೇವೆ, ಮೊದಲೇ ಬರಹದಲ್ಲಿ ಒಪ್ಪಿಗೆ ತಗೊಳ್ಳಿ ಅಂದಿತು. 2025ರಲ್ಲಿ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಕ್ಯೂಇಎಂಯು ಕೂಡ ಬೇಡ ಅಂತು. ಅವರ ಕಾರಣ ನನಗೆ ಹಿಡಿಸಿತ್ತು: ‘ಸೈನ್ಡ್-ಆಫ್-ಬೈ’ ಅಂತ ಸಹಿ ಹಾಕುವವನು ಈ ಕೋಡ್ ಕೊಡುವ ಹಕ್ಕು ನನಗಿದೆ ಅಂತ ಹೇಳುತ್ತಿದ್ದಾನೆ. ಯಂತ್ರ ಎಲ್ಲಿಂದ ತಂದಿತು ಅಂತಲೇ ಗೊತ್ತಿಲ್ಲದವನು ಹಾಗೆ ಹೇಗೆ ಹೇಳಿಯಾನು?

ಮೂರು ವಾರ ನಡೆಯಿತು ನನ್ನ ನಿಷೇಧ. ಸುಳ್ಳು ಹೇಳುವವರು ಆರಾಮಾಗಿ ಸುಳ್ಳು ಹೇಳಿದರು. ನಿಜ ಹೇಳಿದ್ದು ಒಬ್ಬರೇ. ಹಾವೇರಿ ಕಡೆಯ ಕನ್ನಡ ಮೇಷ್ಟ್ರು. "ನನಗೆ ಪೈಥಾನ್ ಬರಂಗಿಲ್ಲ ಸರ್. ಒತ್ತಕ್ಷರದ ನಿಯಮ ನಾನ ಹೇಳೀನಿ, ಎಐ ಬರದೈತಿ. ನಿಮಗ ಬ್ಯಾಡಂದ್ರ ಬಿಡ್ತೀನಿ" ಅಂತ ಬರೆದರು. ಅವರ ಪ್ಯಾಚ್ ಆ ವರ್ಷ ಬಂದದ್ದರಲ್ಲೇ ಒಳ್ಳೆಯದು. ನಿಯಮದ ಪ್ರಕಾರ ಅವರನ್ನು ಹೊರಗೆ ಹಾಕಿ ಸುಳ್ಳರನ್ನು ಒಳಗೆ ಬಿಡಬೇಕಿತ್ತು. ನಿಷೇಧ ಅವತ್ತೇ ತೆಗೆದೆ.

ನಡುವೆ ಸುಮ್ನೆ ಎರಡು ಪ್ರಯೋಗ ಮಾಡಿದೆ. ಎಐ ಬರೆದದ್ದನ್ನು ಹಿಡಿಯುವ ಒಂದು ಪುಕ್ಕಟೆ ಟೂಲಿಗೆ, ಆರಂಭದ ದಿನಗಳಲ್ಲಿ ನಾನೇ ಬರೆದ ಒಂದು ಫೈಲನ್ನು ಕೊಟ್ಟೆ. ಶೇಕಡ ಎಂಬತ್ತರಷ್ಟು ಯಂತ್ರದ್ದು ಅಂತು. ಆಗ ಅಂಥ ಯಂತ್ರವೇ ಇರಲಿಲ್ಲ. ಇನ್ನೊಂದು, ಬಂದ ಪ್ಯಾಚುಗಳನ್ನು ಎಐ ಕೈಯಲ್ಲೇ ರಿವ್ಯೂ ಮಾಡಿಸಿದೆ. ಬೀಗರ ಮನೆಗೆ ಬಂದ ಹಾಗೆ ಎಲ್ಲವನ್ನೂ ಹೊಗಳಿತು. ಅದೇ ಅರ್ಕಾವತ್ತಿನ ಪ್ಯಾಚ್ ಕೊಟ್ಟರೆ ಹೆಸರುಗಳನ್ನು ಸ್ವಲ್ಪ ಉದ್ದ ಮಾಡಿ ಅಂದಿತೇ ಹೊರತು ಒತ್ತಿನ ಮಾತೇ ಎತ್ತಲಿಲ್ಲ. ‘ಸಾಮರ್ಥ್ಯ’ ಅಂತ ನಾನೇ ಉದಾಹರಣೆ ಕೊಟ್ಟ ಮೇಲೆ ಮಾತ್ರ ಕ್ಷಮೆ ಕೇಳಿ ಸರಿಮಾಡಿತು. ಆಮೇಲೆ ಎಲ್ಲ ಟೆಸ್ಟೂ ನಾನೇ ಕೂತು ಬರೆದೆ.

ಲೈಸೆನ್ಸಿನದು ಬೇರೆಯೇ ತಲೆನೋವು. ನಮ್ಮದು ಎಂಐಟಿ: ಬರೆದವರ ಹೆಸರು ಉಳಿಸಿಕೊಂಡರೆ ಯಾರು ಹೇಗೆ ಬೇಕಾದರೂ ಬಳಸಬಹುದು. ಬರಹದ ಒಂದು ಹಳೆಯ ಫಾಂಟಿಗೆ ಅಕ್ಷರಪಟ್ಟಿ ಬೇಕಿತ್ತು. ಒಬ್ಬರು ಕಳಿಸಿದರು, ಸುಮಾರು ಇನ್ನೂರು ಸಾಲು. ಎರಡು ಕಡೆ ತಪ್ಪಿತ್ತು. ಆ ತಪ್ಪನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಹುಡುಕಿದೆ. ಜಿಪಿಎಲ್ ಲೈಸೆನ್ಸಿನ (ಅದರ ಕೋಡ್ ಸೇರಿಸಿ ಹಂಚಿದರೆ ಅದನ್ನೂ ಜಿಪಿಎಲ್ ಅಡಿಯಲ್ಲೇ ಹಂಚಬೇಕು) ಇನ್ನೊಂದು ಟೂಲಿನಲ್ಲಿ ಅದೇ ಪಟ್ಟಿ, ಅದೇ ಎರಡು ತಪ್ಪು, ಒಂದು ವೇರಿಯಬಲ್ ಹೆಸರಿನ ಸ್ಪೆಲ್ಲಿಂಗ್ ಮಿಸ್ಟೇಕೂ ಅದೇ. ಬರೆದವರ ಹೆಸರು ಮಾತ್ರ ಮಾಯ. ಕಳಿಸಿದವನು ಕದ್ದಿರಲಿಲ್ಲ, ಅವನು ಎಐಯನ್ನು ಕೇಳಿದ್ದ ಅಷ್ಟೇ. 2021ರಲ್ಲಿ ಕೋಡ್ ಬರೆಯುವ ಎಐ ಕೋಪೈಲಟ್ ಕ್ವೇಕ್ 3 ಆಟದ ವಿಲೋಮ ವರ್ಗಮೂಲದ ಫಂಕ್ಷನ್ನನ್ನು ಅದರೊಳಗಿನ ಬೈಗುಳದ ಕಾಮೆಂಟ್ ಸಮೇತ ಕಕ್ಕಿತ್ತಲ್ಲ, ಹಾಗೆ. ಜಿಪಿಎಲ್ ಕೋಡನ್ನು ಎಂಐಟಿಯೊಳಗೆ ಸೇರಿಸಿ ಹೆಸರು ಅಳಿಸುವುದು ನಮ್ಮ ಲೋಕದಲ್ಲಿ ಸಣ್ಣ ತಪ್ಪಲ್ಲ. ನಮಗೆ ಸಿಗುವ ಸಂಬಳವೇ ಆ ಹೆಸರು. ಪಟ್ಟಿ ಕಿತ್ತು ಹಾಕಿದೆ. ಮೂಲ ಬರೆದವರಿಗೆ ಒಂದು ಪತ್ರ ಹಾಕಿದೆ, ಎರಡು ತಪ್ಪುಗಳನ್ನೂ ತಿಳಿಸಿದೆ. ಅವರು ಖುಷಿಪಟ್ಟು ಸರಿಮಾಡಿಕೊಂಡರು. ನಮ್ಮ ಪಟ್ಟಿಯನ್ನು ಫಾಂಟ್ ಮುಂದೆ ಇಟ್ಟುಕೊಂಡು ಒಂದೊಂದೇ ಗುರುತು ನೋಡಿ ಹೊಸದಾಗಿ ಮಾಡಿದೆ. ಮೂರು ಭಾನುವಾರ ಹೋಯಿತು.

ಇನ್ನು ನನ್ನ ಮರ್ಯಾದೆ ಹೋದ ಕಥೆ. ಧಾರವಾಡದ ಒಬ್ಬ ವಿದ್ಯಾರ್ಥಿನಿ ಫೋನಿನಲ್ಲಿ ತನ್ನ ಪ್ಯಾಚ್ ಚೆನ್ನಾಗಿ ವಿವರಿಸಿದಳು. ಕೊನೆಗೆ ಮೆಲ್ಲಗೆ, "ಸರ್, ನೀವು ಬಳಸಂಗಿಲ್ಲೇನ್ರಿ?" ಅಂದಳು. ನಾನು ಸುಮ್ಮನಾದೆ. ಆಫೀಸಿನಲ್ಲಿ ದಿನಾ ಬಳಸುತ್ತೇನೆ. ಈ ಪ್ರಾಜೆಕ್ಟಿನಲ್ಲೂ ನಾಲ್ಕೈದು ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಅದರ ಕೈಯಲ್ಲೇ ಬರೆಸಿ, ಒಂದು ಮಾತೂ ಹೇಳದೆ ನನ್ನ ಹೆಸರಲ್ಲಿ ಹಾಕಿದ್ದೆ. ಅವಳಿಗೆ ಅವತ್ತೇ ಒಪ್ಪಿಕೊಂಡೆ. ಆ ವಾರ ಹಳೆಯ ಕಮಿಟ್‌ಗಳನ್ನು ತಿರುವಿ, ನೆನಪಿದ್ದಷ್ಟರ ಪಟ್ಟಿ ಮಾಡಿ ಒಂದು ಫೈಲಿನಲ್ಲಿ ಹಾಕಿದೆ. ಅದರಲ್ಲೊಂದು ಸಾಲು ಯಾಕಿದೆ ಅಂತ ನನಗೇ ವಿವರಿಸಲು ಬರಲಿಲ್ಲ. ತೆಗೆದೆ. ಏನೂ ಕೆಡಲಿಲ್ಲ. ಈಗ ಎಐ ಸಹಾಯ ಪಡೆದ ಪ್ರತಿ ಕಮಿಟ್‌ನಲ್ಲೂ ‘ಅಸಿಸ್ಟೆಡ್-ಬೈ’ ಅಂತ ಒಂದು ಸಾಲು ಇರುತ್ತದೆ, ನನ್ನದರಲ್ಲೂ. 2025ರ ಅಕ್ಟೋಬರ್‌ನಲ್ಲಿ ಲಿನಕ್ಸಿನ ಇನ್ನೊಂದು ಬಗೆಯಾದ ಫೆಡೋರಾದವರು ಇದೇ ದಾರಿ ಹಿಡಿದರು: ಬಳಸಿ, ಹೇಳಿ, ಹೊಣೆ ಮಾತ್ರ ನಿಮ್ಮದೇ. ಪದ ಅವರಿಂದ ತಗೊಂಡೆ, ಫೋನ್ ನನ್ನದು.

ಫೋನಿನಲ್ಲಿ ಏನು ಕೇಳುತ್ತೇನೆ ಅಂತ ಬಹಳ ಜನ ಕೇಳಿದ್ದಾರೆ. ಒಂದು ಸಾಲು ಆರಿಸುತ್ತೇನೆ, ಅಷ್ಟೇ. ಯಾವ ಸಾಲು ಅಂತ ಆರಿಸುವುದರಲ್ಲಿ ಒಂದು ಲೆಕ್ಕ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಉತ್ತರ ಬರೆಸಿಕೊಂಡು ಬರುತ್ತಾರೆ. ಹಾಗೇ ಮೂರು ಹಳೆಯ ಪುಟಗಳಿವೆ, ಅವನ್ನು ರೆಪೊದಲ್ಲಿ ಹಾಕಿಲ್ಲ. ಮರ್ಜ್ ಮಾಡುವ ಮುಂಚೆ ನನ್ನ ಲ್ಯಾಪ್‌ಟಾಪಿನಲ್ಲಿ ಅವು ಸರಿಯಾಗಿ ತಿರುಗಬೇಕು. ಓಪನ್ ಸೋರ್ಸಿನಲ್ಲಿ ಗುಟ್ಟು ಇಡುವುದು ಸರಿಯಾ ಅಂತ ಒಬ್ಬರು ಜಗಳ ತೆಗೆದರು. ಕೋಡ್ ತೆರೆದಿದೆ, ಪ್ರಶ್ನೆಪತ್ರಿಕೆ ಮಾತ್ರ ಮುಚ್ಚಿದೆ ಅಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರ ಮಾತಿನಲ್ಲೂ ಅರ್ಥವಿದೆ, ಆದರೂ ಪುಟ ಕೊಡುವುದಿಲ್ಲ.

ಒಂದು ಮಾತು. ಫೋನ್ ಅಂದರೆ ಹೆದರುವವರು ಇದ್ದಾರೆ. ಒಬ್ಬ ಹುಡುಗನಿಗೆ ಮಾತು ತಡವರಿಸುತ್ತಿತ್ತು. ಅವನಿಂದ ಬರಹದಲ್ಲೇ ಉತ್ತರ ತಗೊಂಡೆ, ಮೇಲಿಂದ ಎರಡು ಸಣ್ಣ ಪ್ರಶ್ನೆ ಕೇಳಿದೆ. ನಿಯಮಕ್ಕೆ ಇಷ್ಟು ಸಡಿಲು ಬೇಕು. ಇಂಗ್ಲಿಷ್ ಬೇಡ, ಹುಬ್ಬಳ್ಳಿ ಕನ್ನಡ ನಡೆಯುತ್ತದೆ ಅಂತ ಮೊದಲೇ ಬರೆದಿದ್ದೇನೆ. ಅದರಿಂದಲೇ ಅರ್ಧ ಜನ ಧೈರ್ಯ ಮಾಡಿದರು ಅನ್ನಿಸುತ್ತದೆ.

ಎಂಟು ತಿಂಗಳಲ್ಲಿ ಹದಿನಾಲ್ಕು ಪ್ಯಾಚ್ ಬಂದಿವೆ, ಹತ್ತು ಮರ್ಜ್ ಆಗಿವೆ. ಆ ಹತ್ತರಲ್ಲಿ ಆರೇಳಕ್ಕೆ ಎಐ ಕೈ ತಾಗಿದೆ, ಅವರೇ ಬರೆದಿದ್ದಾರೆ. ಇಬ್ಬರು ಫೋನ್ ಅಂದ ಕೂಡಲೇ ಮಾಯವಾದರು. ತಿಂಗಳಿಗೆ ನನ್ನ ನಾಲ್ಕು ಗಂಟೆ ಹೋಗುತ್ತದೆ, ಮುಂಚೆ ವಾರಕ್ಕೇ ಅಷ್ಟು ಹೋಗುತ್ತಿತ್ತು. ಇಪ್ಪತ್ತು ಸಾವಿರದಲ್ಲಿ ಉಳಿದದ್ದು ಪ್ರೆಸ್ಸಿನ ಬಿಲ್ಲಿಗೆ, ಸರ್ವರ್ ಬಾಡಿಗೆಗೆ ಹೋಯಿತು. ಬೌಂಟಿ ಬದಲು ಈಗ, ಮರ್ಜ್ ಆದವರು ಹುಬ್ಬಳ್ಳಿಗೆ ಬಂದರೆ ಗಿರ್ಮಿಟ್, ಮಿರ್ಚಿ ಭಜಿ ನನ್ನ ಖರ್ಚು. ಇಲ್ಲಿವರೆಗೆ ಮುನ್ನೂರು ರೂಪಾಯಿ ಮುಟ್ಟಿಲ್ಲ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸು ಹತ್ತಿ ಆ ಧಾರವಾಡದ ಹುಡುಗಿ ಎರಡು ಸಲ ಬಂದು ಹೋದಳು. ಈಗ ಅವಳಿಗೂ ಮರ್ಜ್ ಮಾಡುವ ಹಕ್ಕು ಕೊಟ್ಟಿದ್ದೇನೆ. ನನಗಿಂತ ಕಠಿಣ ಪ್ರಶ್ನೆ ಕೇಳುತ್ತಾಳೆ.

ವಿದ್ಯಾನಗರದ ಗೆಳೆಯ ಹೋದ ತಿಂಗಳು ಒಂದು ಪ್ಯಾಚ್ ಕಳಿಸಿದ. ಅವಳ ಎರಡನೇ ಪ್ರಶ್ನೆಗೇ ನಿಂತುಬಿಟ್ಟ.

ಗದಗಿನ ಪ್ರೆಸ್ಸಿನವರು ಹೋದ ವಾರ ಮತ್ತೆ ಫೈಲ್ ಕಳಿಸಿದ್ದರು, ಜಾತ್ರೆಯ ಕರಪತ್ರ. ತಿರುಗಿಸಿಕೊಟ್ಟೆ. "ಸಾಮರ್ಥ್ಯ ಬರೋಬ್ಬರಿ ಬಂದೈತ್ರೀ ಈ ಸಲ. ಆದ್ರೂ ಪ್ರೂಫ್ ನಾನ ನೋಡ್ಕೋತೀನಿ" ಅಂದರು.