ಬಯೋಮೆಕ್ಯಾನಿಕ್ಸ್: ಅಕ್ಕಿ ಚೀಲದಿಂದ ಶುರು ಮಾಡಿದ್ದು

ಬಯೋಮೆಕ್ಯಾನಿಕ್ಸ್, ಅಂದರೆ ದೇಹದ ಮೇಲಿನ ಬಲ ಮತ್ತು ಚಲನೆಯ ಲೆಕ್ಕ, ಕಲಿಯಲು ಹೊಸ ಗಣಿತವೇನೂ ಬೇಕಾಗಲಿಲ್ಲ. ಮೊದಲ ವರ್ಷದ ಫ್ರೀ ಬಾಡಿ ಡಯಾಗ್ರಾಂ (ಒಂದು ಭಾಗವನ್ನು ಬಿಡಿಸಿ ಬರೆದು, ಅದರ ಮೇಲಿನ ಬಲಗಳನ್ನೆಲ್ಲ ಗುರುತಿಸುವ ಚಿತ್ರ) ಸಾಕಾಯಿತು. ತೊಡಕಾಗಿದ್ದು ದೇಹದ ಅಳತೆಗಳು: ಕೀಲು ಎಲ್ಲಿದೆ, ಸ್ನಾಯು ಅದರಿಂದ ಎಷ್ಟು ದೂರದಲ್ಲಿ ಎಳೆಯುತ್ತದೆ.

ಮೊದಲ ಲೆಕ್ಕಕ್ಕೆ ಹಿಡಿದದ್ದು ಗಂಗಾವತಿ ರೈಸ್‌ಮಿಲ್ಲುಗಳ 25 ಕೆ.ಜಿ. ಅಕ್ಕಿ ಚೀಲ. ಸೊಂಟದ ಬುಡದಲ್ಲಿ ಬೆನ್ನುಮೂಳೆಯ ಎಲ್5–ಎಸ್1 ಕೀಲಿನಲ್ಲಿ ದೇಹವನ್ನು ಕಾಗದದ ಮೇಲೆ ಕತ್ತರಿಸಿ, ಮೇಲಿನ ಭಾಗವನ್ನಷ್ಟೇ ಬರೆದುಕೊಂಡೆ. 45 ಡಿಗ್ರಿ ಬಗ್ಗಿ ಹಿಡಿದ ಚೀಲ ಕೀಲಿನಿಂದ 40 ಸೆಂ.ಮೀ. ಮುಂದೆ: 25 × 9.81 × 0.4 = 98 ನ್ಯೂಟನ್ ಮೀಟರ್. 60 ಕೆ.ಜಿ. ಆಳಿನ ಮೇಲ್ಭಾಗ ಅಂದಾಜು 30 ಕೆ.ಜಿ., 20 ಸೆಂ.ಮೀ. ಮುಂದೆ: ಇನ್ನೊಂದು 59. ಒಟ್ಟು 157. ತಡೆಯಬೇಕಾದ ಬೆನ್ನಿನ ಸ್ನಾಯುವೋ ಕೀಲಿನಿಂದ ಸುಮಾರು 5 ಸೆಂ.ಮೀ. ಮಾತ್ರ ಹಿಂದಿದೆ. ಹಾಗಾಗಿ ಅದು 3140 ನ್ಯೂಟನ್ ಎಳೆಯಬೇಕು, ಅಂದರೆ ಮೂರು ಕ್ವಿಂಟಲ್‌ಗೂ ಮಿಕ್ಕಿ. ಮೇಲ್ಭಾಗ ಮತ್ತು ಚೀಲದ ತೂಕದಲ್ಲಿ 45 ಡಿಗ್ರಿ ಓರೆಯ ಬೆನ್ನಿನ ಉದ್ದಕ್ಕೆ ಬೀಳುವ ಪಾಲು 380 ಸೇರಿದರೆ ಆ ಕೀಲಿನ ಡಿಸ್ಕನ್ನು ಒತ್ತುವ ಬಲ 3520 ನ್ಯೂಟನ್. ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಇಟ್ಟ ಮಿತಿ 3400. ಚೀಲವನ್ನು 20 ಸೆಂ.ಮೀ.ಗೆ ಎಳೆದುಕೊಂಡರೆ ಸ್ನಾಯುಬಲ 980 ನ್ಯೂಟನ್ ಇಳಿಯುತ್ತದೆ. ಅನುಭವಿ ಹಮಾಲರು ಚೀಲವನ್ನು ಮೈಗೆ ಹಚ್ಚಿಕೊಂಡೇ ಎತ್ತುವುದು ಸುಮ್ಮನೆ ಅಲ್ಲ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ದೂರವನ್ನು ಬೆನ್ನಿನ ಓರೆಯಲ್ಲಿ ಅಳೆಯುವುದು ಒಂದು. ಬೇಕಾದದ್ದು ತೂಕದ ರೇಖೆಗೆ ಇರುವ ಅಡ್ಡ ದೂರ. ಇನ್ನೊಂದು, ಉತ್ತರವನ್ನು ದಶಮಾಂಶದ ತನಕ ನಂಬುವುದು. ಆ 5 ಸೆಂ.ಮೀ. ಬದಲು 6 ಹಾಕಿ ನೋಡಿ, 3140 ಇದ್ದದ್ದು 2617ಕ್ಕೆ ಬರುತ್ತದೆ.

ದೇಹದ ಗುರುತ್ವ ಕೇಂದ್ರ ಕಂಡುಹಿಡಿಯಲು ಒಂದು ಹಲಗೆ, ತೂಕದ ಯಂತ್ರ ಸಾಕು. ಹಲಗೆಯ ಕೆಳಗೆ 2 ಮೀಟರ್ ಅಂತರದಲ್ಲಿ ಎರಡು ಕಬ್ಬಿಣದ ಆಂಗಲ್. ಒಂದು ಯಂತ್ರದ ಮೇಲೆ, ಇನ್ನೊಂದು ಅಷ್ಟೇ ಎತ್ತರದ ಇಟ್ಟಿಗೆ ಮೇಲೆ. ಹಿಮ್ಮಡಿ ಇಟ್ಟಿಗೆ ಕಡೆಯ ಆಂಗಲ್‌ನ ನೇರಕ್ಕೆ ಬರುವಂತೆ ಮಲಗಬೇಕು. ಯಂತ್ರದ ಓದಿನಲ್ಲಿ ಖಾಲಿ ಹಲಗೆಯದನ್ನು ಕಳೆದು, 2ರಿಂದ ಗುಣಿಸಿ, ಮೈತೂಕದಿಂದ ಭಾಗಿಸಿ. 60 ಕೆ.ಜಿ.ಯವರಿಗೆ 28.5 ಉಳಿದರೆ ಕೇಂದ್ರ ಹಿಮ್ಮಡಿಯಿಂದ 95 ಸೆಂ.ಮೀ. ಕೆಲವು ಡಿಜಿಟಲ್ ಯಂತ್ರ ಹಲಗೆ ಹೊತ್ತಿರುವಾಗಲೇ ಆನ್ ಮಾಡಿದರೆ ಅದನ್ನೇ ಸೊನ್ನೆ ಅಂದುಕೊಳ್ಳುತ್ತದೆ. ಆಮೇಲೆ ನಾವೂ ಕಳೆದರೆ 10 ಕೆ.ಜಿ. ಹಲಗೆಗೆ 17 ಸೆಂ.ಮೀ. ತಪ್ಪು.

ಚಲನೆ ಅಳೆಯಲು ಮೊಬೈಲ್ ವಿಡಿಯೊ, ಅದರಲ್ಲಿ ಚುಕ್ಕೆಯ ಜಾಗ ಗುರುತಿಸುವ ಉಚಿತ ಟ್ರ್ಯಾಕರ್ ತಂತ್ರಾಂಶ. ಕ್ಯಾಮೆರಾ ನಡಿಗೆಗೆ ಲಂಬವಾಗಿ, ಸೊಂಟದೆತ್ತರಕ್ಕೆ, ಆದಷ್ಟು ದೂರ. ಅಳತೆಪಟ್ಟಿ ನಡೆಯುವ ಗೆರೆಯ ಮೇಲೆಯೇ. ಬಳ್ಳಾರಿ ಬಿಸಿಲಿಗೆ ಕೀಲಿನ ಗುರುತಿಗೆ ಅಂಟಿಸಿದ ಸ್ಟಿಕ್ಕರ್ ಬೆವರಿಗೆ ಕಿತ್ತುಬರುತ್ತದೆ, ಚರ್ಮದ ಮೇಲೆ ಪೆನ್ನಿನ ಚುಕ್ಕೆಯೇ ವಾಸಿ. ಗುರುತಿಸುವಾಗ 2 ಮಿ.ಮೀ. ತಪ್ಪಿದರೂ ವೇಗೋತ್ಕರ್ಷದಲ್ಲಿ ಸೆಕೆಂಡಿಗೆ 30 ಚಿತ್ರಕ್ಕೆ ಸುಮಾರು 4.4, 60 ಚಿತ್ರಕ್ಕೆ 17.6 ಮೀ/ಸೆ² ಗದ್ದಲ (ಸುಳ್ಳು ಏರಿಳಿತ) ಹುಟ್ಟುತ್ತದೆ. ಫ್ರೇಮ್ ಹೆಚ್ಚಿಸಿದಷ್ಟೂ ಗ್ರಾಫ್ ಕೆಡುವುದು ಇದಕ್ಕೇ. ನಡಿಗೆಯ ದತ್ತಾಂಶವನ್ನು ಮೊದಲು 6 ಹರ್ಟ್ಸ್ ಮೀರಿದ ಏರಿಳಿತ ಸೋಸುವ ಬಟರ್‌ವರ್ತ್ ಫಿಲ್ಟರ್‌ನಲ್ಲಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಓಡಿಸಿ, ಆಮೇಲಷ್ಟೇ ಡಿಫರೆನ್ಷಿಯೇಟ್ ಮಾಡಿ ವೇಗ, ವೇಗೋತ್ಕರ್ಷ ತೆಗೆಯುತ್ತೇನೆ.