ಕಾಂಗ್ರೆಸ್ ಗಿಡದ ಅಲರ್ಜಿಯಲ್ಲಿ ವಿಟಮಿನ್ ಡಿ: ನನ್ನ ಅನುಭವ

ಶೇಂಗಾ ಬೆಳೆಯುವ ರೈತರೊಬ್ಬರು ತಲೆಗೆ ಟವೆಲ್ ಸುತ್ತಿಕೊಂಡು ನನ್ನ ಹತ್ತಿರ ಬಂದಿದ್ದರು. ಬಿಚ್ಚಿಸಿ ನೋಡಿದೆ. ಹಣೆ ದಪ್ಪಗಾಗಿ ಮಡಿಕೆ ಬಿದ್ದಿತ್ತು. ರೆಪ್ಪೆ ಊದಿತ್ತು. ಕತ್ತು, ಮೊಣಕೈ ಸಂದು ಕಪ್ಪಾಗಿ ಒರಟಾಗಿತ್ತು. ಅಂಗಿಯೊಳಗಿನ ಬೆನ್ನು ಮಾತ್ರ ನುಣ್ಣಗಿತ್ತು. ಚಿತ್ರದುರ್ಗದ ಕಡೆ ಚರ್ಮದ ಡಾಕ್ಟರಾಗಿರುವ ನನಗೆ ಇಷ್ಟು ಕಂಡರೆ ಮೊದಲ ಅನುಮಾನ ಕಾಂಗ್ರೆಸ್ ಗಿಡದ ಮೇಲೆ, ಅಂದರೆ ಪಾರ್ಥೇನಿಯಂ ಮೇಲೆ.

1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಕಳೆ ಇದು. 1984ರಲ್ಲಿ ಬೆಂಗಳೂರಿನಲ್ಲಿ ಇದನ್ನು ತಿನ್ನಲೆಂದೇ ಮೆಕ್ಸಿಕೊದ ಜೀರುಂಡೆ ಬಿಟ್ಟರು. ಗಿಡ ಇನ್ನೂ ಇದೆ. ಮುಟ್ಟಲೇಬೇಕು ಅಂತೇನಿಲ್ಲ, ಒಣಗಿದ ಪುಡಿ ಗಾಳಿಯಲ್ಲಿ ಬಂದು ಮೈಮೇಲೆ ಕೂತರೂ ಸಾಕು.

ಅವರ ಕೈಯಲ್ಲಿ ಐಜಿಇ ರಿಪೋರ್ಟ್ ಇತ್ತು. ಅಲರ್ಜಿಯಲ್ಲಿ ರಕ್ತದಲ್ಲಿ ಏರುವ ಒಂದು ಪ್ರತಿಕಾಯ ಅದು. ಜಾಸ್ತಿ ಬಂದಿದೆ ಅಂತ ಗಾಬರಿಯಾಗಿದ್ದರು. ಐಜಿಇ ಹೊಟ್ಟೆಹುಳ ಇದ್ದರೂ ಏರುತ್ತೆ. ಈ ಗಿಡದ ಅಲರ್ಜಿ ಮುಖ್ಯವಾಗಿ ಟಿ ಕಣಗಳ, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳ ಕೆಲಸ. ಹಾಗಾಗಿ ಪ್ಯಾಚ್ ಟೆಸ್ಟ್ ಮಾಡಿದೆ. ಅನುಮಾನದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ ಎರಡು ದಿನಕ್ಕೆ ತೆಗೆದೆ, ನಾಲ್ಕನೇ ದಿನ ಮತ್ತೆ ನೋಡಿದೆ. ಪಾರ್ಥೇನಿಯಂ ಹಾಕಿದ ಜಾಗ ಕೆಂಪಾಗಿ ಗುಳ್ಳೆ ಎದ್ದಿತ್ತು.

ಹೊರಡುವಾಗ ಅವರು ಕುರ್ಚಿ ಹಿಡಿದುಕೊಂಡೇ ಎದ್ದರು. "ಮೆಟ್ಟಿಲು ಹತ್ತೋಕಾಗಲ್ಲ, ತೊಡೆ ನೋಯುತ್ತೆ" ಅಂದರು. ತುಂಬಾ ದಿನ ನುಂಗಿದ ಸ್ಟೆರಾಯ್ಡ್ ಮಾತ್ರೆಯಿಂದ ಇರಬೇಕು ಅಂದುಕೊಂಡೆ. ಆಮೇಲೆ ಹೊಳೆಯಿತು. ಎರಡು ವರ್ಷದಿಂದ ಈ ಮನುಷ್ಯ ಬಿಸಿಲಿಗೆ ಮೈ ಒಡ್ಡಿಲ್ಲ. ಮೈ ಮುಚ್ಚಿಕೊಳ್ಳಿ, ಬಿಸಿಲಿಗೆ ಹೋಗಬೇಡಿ ಅಂತ ಹೇಳುವವರು ನಾವೇ ಅಲ್ವಾ? ಬಿಸಿಲಿಲ್ಲದೆ ವಿಟಮಿನ್ ಡಿ ಕಮ್ಮಿಯಾದರೂ ಕಾಲಿನ ಬಲ ಕುಂದುತ್ತೆ. ಅದಕ್ಕೇ ವಿಟಮಿನ್ ಡಿ ಟೆಸ್ಟ್ ಮಾಡಿಸಿದೆ. ರಕ್ತದಲ್ಲಿ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕೊರತೆ. ಅವರದು ಹತ್ತೂ ಇರಲಿಲ್ಲ.

ವಾರಕ್ಕೊಂದರಂತೆ ಎಂಟು ವಾರ 60,000 ಯೂನಿಟ್ ವಿಟಮಿನ್ ಡಿ ಪುಡಿ ಕೊಟ್ಟೆ. ಜೊತೆಗೆ ಕ್ಯಾಲ್ಸಿಯಂ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಊಟ ಆದಮೇಲೆ ಹಾಲಿನಲ್ಲಿ ಕುಡಿಯಿರಿ ಅಂದೆ. ದಿನಾ ಅಲ್ಲ, ಭಾನುವಾರ ಮಾತ್ರ ಅಂತ ಚೀಟಿಯಲ್ಲಿ ದೊಡ್ಡದಾಗಿ ಬರೆದೆ. ದಿನಾ ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಪೆಟ್ಟು.

ಎರಡು ತಿಂಗಳಿಗೆ ಕಾಲಿನ ಬಲ ಬಂತು. ಚರ್ಮ ಸುಧಾರಿಸಿದ ಹೆಸರನ್ನು ಮಾತ್ರ ನಾನು ವಿಟಮಿನ್ ಡಿಗೆ ಕೊಡಲ್ಲ. ಅದು ನಾನು ಕೊಟ್ಟಿದ್ದ ಅಜಥಯೋಪ್ರಿನ್ (ರೋಗನಿರೋಧಕ ಶಕ್ತಿಯ ಅಬ್ಬರ ತಗ್ಗಿಸುವ ಮಾತ್ರೆ) ಮತ್ತು ಮುಲಾಮಿನ ಕೆಲಸ. ಟಿ ಕಣಗಳ ಉರಿಯೂತದ ಸಂಕೇತಗಳನ್ನು, ಐಎಲ್-17ರಂಥವನ್ನು, ವಿಟಮಿನ್ ಡಿ ತಗ್ಗಿಸುವುದು ಪ್ರಯೋಗಾಲಯದಲ್ಲಿ ಕಂಡಿದೆ, ನಿಜ. ಹಾಗಂತ ಐಎಲ್-17 ಟೆಸ್ಟ್ ಬರೆಯಲ್ಲ. ರಿಪೋರ್ಟ್ ಏನೇ ಬಂದರೂ ನನ್ನ ಔಷಧಿ ಬದಲಾಗಲ್ಲ, ರೈತರ ದುಡ್ಡು ಸುಮ್ನೆ ಹೋಗುತ್ತೆ. ವಿಟಮಿನ್ ಡಿ ಟೆಸ್ಟ್ ಮಾತ್ರ ಈಗ ಮೊದಲ ದಿನದ ಚೀಟಿಯಲ್ಲೇ ಬರೆಯುತ್ತೇನೆ.

ಹೋದ ತಿಂಗಳು ಅವರು ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದರು. ಹಿತ್ತಲಿನ ಗಿಡವನ್ನು ಹೂ ಬಿಡುವ ಮೊದಲೇ ಮಗ ಕಿತ್ತು ಹಾಕಿದ್ದಾನಂತೆ. ಪುಡಿ ಕೂರದಿರಲಿ ಅಂತ ಅವರ ಬಟ್ಟೆ ಈಗ ಮನೆಯೊಳಗೇ ಒಣಗುತ್ತೆ.