ರೈಲಿನ ಹಳೇ ಕೀಲಿ ಸಿಕ್ಕಿತೇ? ತಿಕ್ಕುವ ಮೊದಲು ಓದಿ

ಅಮೆರಿಕದ ಹಳೇ ರೈಲು ಊರುಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಸುತ್ತುವವರಿಗೆ ಆಗಾಗ ಹಿತ್ತಾಳೆಯ ಗಿಡ್ಡ ಕೀಲಿ ಸಿಗುತ್ತದೆ. ಜಾಗದ ಮಾಲೀಕರನ್ನು ಕೇಳಿಯೇ ಅಗೆಯಿರಿ. ಓಡಾಟ ಇರುವ ಹಳಿಯ ಹತ್ತಿರವಂತೂ ಸುಳಿಯಲೇಬೇಡಿ.

ಮೊದಲು ತುದಿ ನೋಡಿ. ಸುಮಾರು 2 ಇಂಚು ಉದ್ದ, ಕೊಳವೆಯಂತೆ ಟೊಳ್ಳು ತುದಿ ಇದ್ದರೆ ಅದು ಪಾಯಿಂಟ್ಸ್ ಬೀಗದ, ಅಂದರೆ ರೈಲು ಹಳಿ ಬದಲಿಸುವ ಜಾಗಕ್ಕೆ ಹಾಕುವ ಬೀಗದ, ಕೀಲಿ ಇರಬಹುದು. ಬೀಗದೊಳಗಿನ ಕಡ್ಡಿ ಆ ತೂತಿಗೆ ಕೂರುತ್ತದೆ.

ಎಲ್ಲರೂ ಎಡವುವುದು ತೊಳೆಯುವಾಗ. ನಾನೂ ಎಡವಿದ್ದೇನೆ. ದೀಪದ ಕಂಬ ಬೆಳಗಿದ ಹಾಗೆ ಹುಣಸೆಹಣ್ಣು ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕೀಲಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು! ಹುಳಿ ಹಿತ್ತಾಳೆಯ ಸತುವನ್ನು ತಿಂದು ತಾಮ್ರವನ್ನು ಉಳಿಸುತ್ತದೆ. ವಿನೆಗರ್, ನಿಂಬೆಯದೂ ಇದೇ ಕಥೆ. ತಂತಿ ಬ್ರಷ್ಷಂತೂ ಸವೆದ ಅಕ್ಷರವನ್ನೇ ಕೆರೆದು ಹಾಕುತ್ತದೆ. ಸುಮ್ನೆ ಒಂದು ದಿನ ಬರೀ ನೀರಲ್ಲಿ ನೆನೆಸಿ. ಮಣ್ಣು ತಾನೇ ಬಿಡುತ್ತದೆ. ಉಳಿದದ್ದಕ್ಕೆ ಮೆತ್ತನೆ ಟೂತ್‌ಬ್ರಷ್, ಕೊಳವೆಯೊಳಗೆ ಮರದ ಹಲ್ಲುಕಡ್ಡಿ. ಕಂದು ಬಣ್ಣ ಹಾಗೇ ಇರಲಿ. ಹೊಳೆಯುವ ಹಳೇ ಕೀಲಿಯನ್ನು ನಾನು ಕೈಯಲ್ಲೂ ಮುಟ್ಟಲ್ಲ.

ಒಣಗಿದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಹಿಡಿಕೆ ಮೇಲಿನ ಅಕ್ಷರ ಓದಿ. ‘ಬಿ ಆಂಡ್ ಓ’ ಅಂದರೆ ಬಾಲ್ಟಿಮೋರ್ ಆಂಡ್ ಒಹಾಯೊ ರೈಲು ಕಂಪನಿ. ‘ಸಿ ಆಂಡ್ ಎನ್‌ಡಬ್ಲ್ಯು’ ಅಂದರೆ ಚಿಕಾಗೋ ಆಂಡ್ ನಾರ್ತ್ ವೆಸ್ಟರ್ನ್. ಅದು 1995ರಲ್ಲಿ ಯೂನಿಯನ್ ಪೆಸಿಫಿಕ್ ಪಾಲಾಯಿತು. ಒಂಟಿ ‘ಎಸ್’ ಸ್ವಿಚ್‌ನ ಗುರುತು. ಪಾಯಿಂಟ್ಸ್‌ಗೆ ಅಲ್ಲಿ ಹಾಗೇ ಅನ್ನುವುದು. ‘ಆಡ್‌ಲೇಕ್’ ರೈಲಿನ ಹೆಸರಲ್ಲ, ಕೀಲಿ ಮಾಡಿದ ಆಡಮ್ಸ್ ಆಂಡ್ ವೆಸ್ಟ್‌ಲೇಕ್ ಕಂಪನಿಯದು. 1894 ಅಂತ ಕಂಡರೆ ಕುಣಿಯಬೇಡಿ. ಇಸವಿ ಅಲ್ಲ, ಅದು ಸಾಮಾನ್ಯವಾಗಿ ಕೀಲಿಯ ಕ್ರಮಸಂಖ್ಯೆ. ಯಾವ ಕೀಲಿ ಯಾರ ಕೈಲಿದೆ ಅಂತ ಲೆಕ್ಕ ಇಡಲು ಬೇಕಲ್ವಾ?

ಅಕ್ಷರ ಪೂರ್ತಿ ಅಳಿಸಿದ್ದರೆ ಹಲ್ಲಿನ ಕಚ್ಚು ನೋಡಿ. ಒಂದು ಕಂಪನಿಯ ಪಾಯಿಂಟ್ಸ್ ಬೀಗಗಳಿಗೆ ಸಾಮಾನ್ಯವಾಗಿ ಒಂದೇ ಬಗೆಯ ಕೀಲಿ ಇರುತ್ತಿತ್ತು. ಹಾಗಾಗಿ ಗುರುತು ಸಿಕ್ಕ ಬೇರೊಂದು ಕೀಲಿಯ ಫೋಟೊ ಪಕ್ಕದಲ್ಲಿಟ್ಟು ಹೋಲಿಸಬಹುದು.

ಜೋಡಿಗೆ ಇನ್ನೊಂದು ಕೊಳ್ಳುವ ಆಸೆಯೇ? ನಕಲಿ ಜಾಸ್ತಿ. ಅಸಲಿಯಲ್ಲಿ ಅಕ್ಷರ ಸಾಮಾನ್ಯವಾಗಿ ಒಳಕ್ಕೆ ಒತ್ತಿರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದು ಉಬ್ಬಿಸಿದ್ದರೆ ನನಗೆ ಅನುಮಾನ. ಮೈಯೆಲ್ಲ ಕಂದು, ಅಕ್ಷರದ ತಳ ಮಾತ್ರ ಥಳಥಳ ಅಂತಿದ್ದರೆ, ಗುರುತಿಲ್ಲದ ಹಳೇ ಕೀಲಿಗೆ ಈಚೆಗೆ ಹೆಸರು ಕುಟ್ಟಿದ್ದಾರೆ. ದುಡ್ಡು ಜೇಬಲ್ಲೇ ಇರಲಿ.